ರೇವತಿ ಮಲಗಿದ ತಿಂಗಳು

ನಿದ್ದೆಗೇನು ದುಡ್ಡು ಕೊಡಬೇಕೆ ಎಂದು ಕೇಳುವವರನ್ನು ಸುರಪುರದ ಚಂದ್ರಕಲಾಳ ಮನೆಯಲ್ಲಿ ಎರಡು ರಾತ್ರಿ ಮಲಗಿಸಬೇಕಿತ್ತು. ಮೂರನೆಯ ದಿನ ಹೇಳದೆ ಕೇಳದೆ ಚಪ್ಪಲಿ ಮೆಟ್ಟಿಕೊಂಡು ನಡೆದುಬಿಡುತ್ತಿದ್ದರು. ಆ ಮನೆಯವರಿಗೆ ಮಾತ್ರ ಹೋಗಲು ಬೇರೆ ಜಾಗವಿರಲಿಲ್ಲ.

ಇದ್ದವರು ನಾಲ್ಕು ಜನ. ಚಂದ್ರಕಲಾ, ಗಂಡ ಮರಿಲಿಂಗಪ್ಪ, ಅತ್ತೆ ಸಾಯಬಮ್ಮ, ಐದು ವರ್ಷದ ಮಗಳು ರೇವತಿ. ಒಂದು ಅಡುಗೆಮನೆ, ಒಂದು ಪಡಸಾಲೆ. ಎಲ್ಲರೂ ಪಡಸಾಲೆಯಲ್ಲೇ ಸಾಲಾಗಿ ಮಲಗಬೇಕು. ರೇವತಿಗೆ ಆಟಿಸಂ ಇದೆ ಎಂದು ಕಲಬುರಗಿಯ ಡಾಕ್ಟರು ಹೇಳಿ ಬಹಳ ದಿನವಾಗಿತ್ತು. ಮಾತು ಬಂದಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಡಬ್ಬಿಗಳ ಮುಚ್ಚಳ ತೆಗೆದು ದೊಡ್ಡದರಿಂದ ಸಣ್ಣದರವರೆಗೆ ಸಾಲು ಹಚ್ಚುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆ ಸಾಲಿನಲ್ಲಿ ಒಂದನ್ನು ಯಾರಾದರೂ ಸರಿಸಿದರೋ, ಆ ದಿನ ಮುಗಿದಂತೆ. ಇದೆಲ್ಲವನ್ನೂ ಚಂದ್ರಕಲಾ ನುಂಗಿಕೊಂಡಿದ್ದಳು. ನುಂಗಲಾರದ್ದು ಒಂದೇ, ಮಗಳು ಮಲಗುತ್ತಿರಲಿಲ್ಲ. ನಡುರಾತ್ರಿ ದಾಟಿದ ಮೇಲೆ ಕಣ್ಣು ಮುಚ್ಚಿದರೆ ಸ್ವಲ್ಪ ಹೊತ್ತಿಗೇ ಎದ್ದು ಕೂತು ನಗುವುದು, ಗೋಡೆಯಿಂದ ಗೋಡೆಗೆ ಓಡುವುದು, ಹಿಡಿಯಲು ಹೋದರೆ ಕಿರುಚುವುದು. ಮೊದಮೊದಲು ಏನಾಯಿತೆಂದು ಬಂದು ಕೇಳುತ್ತಿದ್ದ ಓಣಿಯವರು ಈಗ ಕಿಟಕಿ ಹಾಕಿಕೊಳ್ಳುತ್ತಿದ್ದರು.

ಮರಿಲಿಂಗಪ್ಪ ಊರಿನ ಒಂದು ಖಾಸಗಿ ಶಾಲೆಯ ಬಸ್ಸು ಓಡಿಸುತ್ತಿದ್ದ. ತನ್ನ ಮಗಳಿಗೆ ಸೀಟು ಕೊಡದ ಶಾಲೆಗೆ ಸುತ್ತಲಿನ ಹಳ್ಳಿಗಳ ಮಕ್ಕಳನ್ನೆಲ್ಲ ತುಂಬಿ ತಂದು ಇಳಿಸುವುದು ಅವನ ಕೆಲಸ. ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಕಾಲುವೆ ದಾರಿಯಲ್ಲಿ ಅವನಿಗೆ ಕಣ್ಣು ಹತ್ತಿತು. ಮಕ್ಕಳು ಚೀರಿದ್ದಕ್ಕೆ ಎಚ್ಚರವಾದಾಗ ಮುಂದಿನ ಗಾಲಿ ಕಾಲುವೆಯ ಏರಿಯ ಮೇಲಿತ್ತು. ಯಾರಿಗೂ ಏನೂ ಆಗಲಿಲ್ಲ. ಶಾಲೆಯವರು ಕರೆದು, ಇನ್ನೊಮ್ಮೆ ಹೀಗಾದರೆ ಕೀಲಿ ಇಟ್ಟು ಹೋಗು ಎಂದರು. ಅವನು ಕೀಲಿಗೆ ಹೆದರಲಿಲ್ಲ, ಆ ಚೀರಿದ ದನಿಗಳಿಗೆ ಹೆದರಿದ್ದ. ಅಂದು ಸಂಜೆ ಊಟ ಅರ್ಧಕ್ಕೇ ಬಿಟ್ಟವನು, ಹೆಂಡತಿಗೆ ಸಿಟ್ಟಿಲ್ಲದೆ ಹೇಳಿದ.

"ನಾ ಮಲಗದಿದ್ರ ಯಾರದೋ ಮಕ್ಕಳು ಸಾಯ್ತಾವ. ಯುಗಾದಿತನಾ ನೋಡ್ತೀನಿ. ಆಮ್ಯಾಲ ನೀವಿಬ್ರೂ ರಾಮಸಮುದ್ರಕ್ಕ ಹೋಗಿ ಇರ್ರಿ."

ರಾಮಸಮುದ್ರ ಚಂದ್ರಕಲಾಳ ತವರು. ಅಲ್ಲಿ ಈಗ ಅಣ್ಣನ ಸಂಸಾರ, ಅಣ್ಣನ ಹೆಂಡತಿಯ ಒಲೆ. ನಾಲ್ಕು ದಿನ ಇದ್ದು ಬಾ ಎಂದು ಇಂಥ ಕೂಸಿನ ಸಮೇತ ತವರಿಗೆ ಕಳಿಸಿದ ಹೆಂಗಸರನ್ನು ಯಾರೂ ಮತ್ತೆ ಕರೆಯಲು ಹೋಗುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಕೆಟ್ಟವನಲ್ಲ. ಅದೇ ಅವಳಿಗೆ ಹೆಚ್ಚು ಭಯ. ಕೆಟ್ಟವನಾಗಿದ್ದರೆ ಜಗಳಾಡಬಹುದಿತ್ತು.

ಹಾಗೆ ಅವಳು ಯಾದಗಿರಿಯ ದಾರಿ ಹಿಡಿದದ್ದು. ಇಂಥ ಮಕ್ಕಳಿಗೆ ತರಬೇತಿ ಕೊಡುವ ಒಂದು ಸಣ್ಣ ಸಂಸ್ಥೆ ಅಲ್ಲಿತ್ತು, ವಾರಕ್ಕೊಮ್ಮೆ ಹೋಗಬೇಕು. ಬಸ್ಸು ಶಹಾಪುರ ಮುಟ್ಟಿದರೆ ಸಾಕು, ಕಿಟಕಿಯ ಬದಿಯವರೆಲ್ಲ ಬಗ್ಗಿ ಬಗ್ಗಿ ಮಲಗಿದ ಬುದ್ಧನ ಬೆಟ್ಟ ನೋಡುತ್ತಿದ್ದರು. ಅಂಗಾತ ಮಲಗಿದ ಆ ಮೂಗು, ಆ ಎದೆ, ಆ ಹೊಟ್ಟೆ. ಅದನ್ನು ಕಂಡರೆ ಚಂದ್ರಕಲಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಇಡೀ ಬೆಟ್ಟಕ್ಕೆ ಸಿಕ್ಕ ನಿದ್ದೆಯಲ್ಲಿ ಒಂದು ಹಿಡಿ ತನ್ನ ಮಗಳಿಗೆ ಸಿಗಬಾರದೇ ಎಂದು ತೊಡೆಯ ಮೇಲೆ ಒದ್ದಾಡುವ ರೇವತಿಯನ್ನು ಒತ್ತಿ ಹಿಡಿದು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಸಂಸ್ಥೆಯಲ್ಲಿದ್ದ ಸರಿತಾ ಮೇಡಂ ಶಹಾಪುರದವಳು, ವಯಸ್ಸು ಚಿಕ್ಕದು, ಸುಳ್ಳು ಭರವಸೆ ಕೊಡುವವಳಲ್ಲ. ಮಗುವಿಗೆ ಬೇರೆ ಕೋಣೆ ಬೇಕು, ಕತ್ತಲಿರಬೇಕು, ಸದ್ದಿರಬಾರದು ಎಂದು ಪುಸ್ತಕದಲ್ಲಿ ಬರೆದಿದೆ, ಬರೆದವರು ನಿಮ್ಮ ಮನೆ ನೋಡಿಲ್ಲ ಎಂದು ಅವಳೇ ನಕ್ಕಳು. ಪಡಸಾಲೆಯ ಒಂದು ಮೂಲೆಗೆ ಹಳೆಯ ಸೀರೆ ಕಟ್ಟಿ ಅದನ್ನೇ ಕೋಣೆ ಮಾಡಿರಿ ಎಂದಳು. ಮಧ್ಯಾಹ್ನ ಮಲಗಿಸಬೇಡಿರಿ. ಹೊತ್ತು ಮುಳುಗಿದ ಮೇಲೆ ಮೊಬೈಲು ಕೈಗೆ ಕೊಡಬೇಡಿರಿ. ದಿನಾ ಅದೇ ಹೊತ್ತಿಗೆ ಸ್ನಾನ, ಅದೇ ಊಟ, ಅದೇ ಚಾದರ. ಎದ್ದರೆ ಬೈಯಬಾರದು, ಮುದ್ದಾಡಬಾರದು, ಮಾತೇ ಆಡಬಾರದು. ಕೈಹಿಡಿದು ತಂದು ಮತ್ತೆ ಅದೇ ಜಾಗದಲ್ಲಿ ಮಲಗಿಸಬೇಕು. ಮೊದಲು ಇನ್ನೂ ಹೆಚ್ಚಾಗುತ್ತದೆ, ಆಗ ಕೈಬಿಡಬೇಡಿರಿ. ಇಷ್ಟಕ್ಕೂ ಆಗದಿದ್ದರೆ ತಿಂಗಳಿಗೊಮ್ಮೆ ಬರುವ ಡಾಕ್ಟರಿಗೆ ತೋರಿಸಿ ಔಷಧ ಕೇಳೋಣ ಎಂದಳು.

ಚಂದ್ರಕಲಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದಳು. ಸ್ನಾನದ ಹಂಡೆ, ಊಟದ ತಾಟು, ಚಾದರ, ಇವುಗಳ ಫೋಟೋ ತೆಗೆಸಿ ಸಾಲಾಗಿ ಗೋಡೆಗೆ ಅಂಟಿಸಿದಳು. ಒಂದೊಂದು ಕೆಲಸ ಮುಗಿದಂತೆ ಒಂದೊಂದು ಚಿತ್ರದ ಮೇಲೆ ಕೈ ಇಟ್ಟು ತೋರಿಸುವುದು. ಸಾಲು ಎಂದರೆ ಪ್ರಾಣ ಬಿಡುವ ರೇವತಿಗೆ ಆ ಚಿತ್ರಗಳು ಹಿಡಿಸಿದವು. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಸೀರೆಯ ಪರದೆ ಎರಡು ಸಲ ಹರಿಯಿತು. ಪಕ್ಕದ ಮನೆಯ ಟಿವಿ ಸದ್ದು ಕಡಿಮೆ ಮಾಡಲು ಕೇಳಿ ಅವರೊಂದಿಗೆ ಮಾತು ಬಿಟ್ಟುಹೋಯಿತು. ಮಗಳನ್ನು ಮತ್ತೆ ಮತ್ತೆ ಕರೆತಂದು ಮಲಗಿಸುವಾಗ ಅವಳ ಬಾಯಿಗೆ ಬೀಗ, ಒಳಗೆ ಬೆಂಕಿ. ಸಾಯಬಮ್ಮ ಗೋಡೆಗೆ ಒರಗಿ ಕೂತು ಇದೆಲ್ಲವನ್ನೂ ನೋಡುತ್ತಿದ್ದಳು. ಸೊಸೆಯನ್ನು ಬೈದವಳಲ್ಲ, ಸೊಸೆಯ ಕೆಲಸಕ್ಕೆ ಕೈ ಹಾಕಿದವಳೂ ಅಲ್ಲ. ಒಂದು ದಿನ ಮಗ ತಾಟಿನ ಮುಂದೆ ಕೂತಲ್ಲೇ ತೂಕಡಿಸಿ ಕೈ ಸಾರಿನಲ್ಲಿ ಅದ್ದಿದಾಗ ಅವಳೇ ಎದ್ದು ಆ ಕೈ ತೊಳೆದಳು.

ಸಂಕ್ರಾಂತಿಯ ಮರುದಿನ ರೇವತಿ ಮಲಗಿದಳು.

ಚಿತ್ರಗಳ ಸಾಲು ಮುಗಿಯಿತು, ಅಜ್ಜಿ ಹಾಲು ಕುಡಿಸಿದಳು, ಪರದೆಯ ಒಳಗೆ ಹೋದ ಮಗಳು ಮತ್ತೆ ಹೊರಗೆ ಬರಲಿಲ್ಲ. ಉಸಿರಾಡುತ್ತಾಳೋ ಇಲ್ಲವೋ ಎಂದು ಚಂದ್ರಕಲಾ ಮೂಗಿನ ಬಳಿ ಬೆರಳು ಹಿಡಿದು ನೋಡಿದಳು. ಮರುದಿನವೂ ಮಲಗಿದಳು, ಅದರ ಮರುದಿನವೂ. ಮರಿಲಿಂಗಪ್ಪನ ಮುಖಕ್ಕೆ ಬಣ್ಣ ಬಂತು, ಶಾಲೆಯ ಮಕ್ಕಳ ಹೆಸರು ಹೇಳಿ ಅವರ ತಂಟೆಗಳನ್ನು ಮನೆಯಲ್ಲಿ ವರ್ಣಿಸತೊಡಗಿದ. ರಾಮಸಮುದ್ರದ ಮಾತು ನಿಂತಿತು. ಯಾರೂ ಎಬ್ಬಿಸದೆ ತಾನಾಗಿ ಏಳುವುದು ಎಷ್ಟು ಹಿತ ಎಂಬುದು ಚಂದ್ರಕಲಾಳಿಗೆ ಮರೆತೇ ಹೋಗಿತ್ತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಹಾಡು ಗುನುಗಿದ್ದು ತಾನೇ ಎಂದು ತಿಳಿದಾಗ ಅವಳಿಗೆ ನಾಚಿಕೆಯಾಯಿತು.

ಹಗಲು ರೇವತಿ ಮಂಕಾಗಿದ್ದಳು, ನಿಜ. ಮುಚ್ಚಳಗಳನ್ನು ಮುಟ್ಟುತ್ತಿರಲಿಲ್ಲ. ಕೂತಲ್ಲಿ ಕೂತಿರುತ್ತಿದ್ದಳು, ನೀರು ಮಾತ್ರ ಬಹಳ ಕುಡಿಯುತ್ತಿದ್ದಳು. ಗಲಾಟೆ ಇಲ್ಲದ ಮಗಳನ್ನು ಐದು ವರ್ಷದಲ್ಲಿ ಮೊದಲ ಸಲ ನೋಡುತ್ತಿದ್ದ ತಾಯಿ ಅದನ್ನು ಶಾಂತಿ ಎಂದುಕೊಂಡಳು. ಹಾಗೆ ಅಂದುಕೊಳ್ಳದೆ ಇನ್ನೇನು ಮಾಡಿಯಾಳು?

ಸಂಸ್ಥೆಯಲ್ಲಿ ತಿಂಗಳ ಕೊನೆಗೆ ತಾಯಿ ತಂದೆಯರ ಸಭೆ. ಸರಿತಾ ಮೇಡಂ ಚಂದ್ರಕಲಾಳನ್ನು ಎಲ್ಲರ ಮುಂದೆ ನಿಲ್ಲಿಸಿ, ಹೇಗೆ ಮಾಡಿದಿರಿ ಹೇಳಿರಿ ಎಂದಳು. ಎದ್ದು ನಿಂತ ಮೇಲೆ ಮಾತು ತಾನಾಗಿ ಬಂತು. ಪರದೆ, ಚಿತ್ರ, ಸ್ನಾನ, ಸುಮ್ಮನೆ ಕರೆತಂದು ಮಲಗಿಸುವುದು. ಎದುರಿಗೆ ಕೂತವರೆಲ್ಲರ ಕಣ್ಣ ಕೆಳಗೂ ಅದೇ ಕಪ್ಪು. ಶಹಾಪುರದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಅಮೀನುದ್ದೀನ ಎಂಬ ತಂದೆ ಸಭೆಯಲ್ಲಿ ಎಂದೂ ಬಾಯಿ ಬಿಟ್ಟವನಲ್ಲ, ಅವನೂ ಮುಂದಕ್ಕೆ ಸರಿದು ಕೂತು ಕೇಳಿದ. ಗುರುಮಠಕಲ್‌ನಿಂದ ಬಂದಿದ್ದ ಯಂಕಮ್ಮ ಸಭೆ ಮುಗಿದ ಮೇಲೆ ಚಂದ್ರಕಲಾಳ ಫೋನ್ ನಂಬರು ತೆಗೆದುಕೊಂಡಳು. ಯಂಕಮ್ಮನ ಗಂಡ ಹೈದರಾಬಾದಿಗೆ ಕೆಲಸಕ್ಕೆ ಹೋದವನು ವರ್ಷಕ್ಕೊಮ್ಮೆ ಬರುತ್ತಿದ್ದ. ಮಗ ರಾತ್ರಿಯೆಲ್ಲ ಗೋಡೆಗೆ ಹಣೆ ಜಜ್ಜಿಕೊಳ್ಳುತ್ತಾನೆ, ನಡುವೆ ತನ್ನ ಕೈ ಇಡುತ್ತೇನೆ ಎಂದು ಚಾಚಿ ತೋರಿಸಿದಳು. ಬೆರಳಿನ ಗೆಣ್ಣುಗಳು ಊದಿದ್ದವು.

ಆಮೇಲೆ ಯಂಕಮ್ಮ ಮೇಲಿಂದ ಮೇಲೆ ಫೋನ್ ಮಾಡಿದಳು. ಎಲ್ಲವನ್ನೂ ಹೇಳಿದಂತೆಯೇ ಮಾಡುತ್ತಿದ್ದೇನೆ, ಮಗ ಮಲಗವಲ್ಲ ಎಂದಳು. ಮೊದಲು ಚಂದ್ರಕಲಾ ತಾಳ್ಮೆಯಿಂದ ಹೇಳಿದಳು. ಒಂದು ದಿನ ಯಂಕಮ್ಮ ಅತ್ತುಬಿಟ್ಟಾಗ ಚಂದ್ರಕಲಾಳಿಗೆ ಸ್ವಲ್ಪ ದೊಡ್ಡಸ್ತಿಕೆ ಬಂದಿತ್ತು.

"ಮನಸಿಟ್ಟು ಮಾಡಿದ್ರ ಯಾಕ ಮಲಗಂಗಿಲ್ರಿ? ತಾಯಿ ಗಟ್ಟಿ ಇರಬೇಕು ನೋಡ್ರಿ."

ಆ ಕಡೆ ಯಂಕಮ್ಮ, ಹೌದ್ರಿ ಅಕ್ಕಾ, ನನ್ನದೇ ತಪ್ಪು ಎಂದು ಫೋನ್ ಇಟ್ಟಳು. ಚಂದ್ರಕಲಾ ನಿಶ್ಚಿಂತೆಯಿಂದ ಕಸ ಗುಡಿಸಲು ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ ರೇವತಿ ಬೆಳಿಗ್ಗೆ ಏಳಲಿಲ್ಲ. ಬಿಸಿಲು ಪಡಸಾಲೆಯ ನಡುವಿಗೆ ಬಂದಿತ್ತು. ಎತ್ತಿದರೆ ಕುತ್ತಿಗೆ ನಿಲ್ಲಲಿಲ್ಲ. ಮುಖ ಕೆಂಪಾಗಿ, ತುಟಿ ಒಣಗಿ, ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿತ್ತು. ಓಣಿಯವರ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಓಡಿದರು. ಏನು ಕೊಟ್ಟಿದ್ದೀರಿ ಎಂದು ಡಾಕ್ಟರು ಕೇಳಿದಾಗ, ಏನೂ ಕೊಟ್ಟಿಲ್ಲ ಎಂದು ಚಂದ್ರಕಲಾ ಸ್ನಾನ, ಊಟ, ಚಾದರ ಎಂದು ಅದೇ ಸಾಲನ್ನು ಒಪ್ಪಿಸತೊಡಗಿದಳು. ಡಾಕ್ಟರು ಮತ್ತೆ ಕೇಳಿದರು. ಬಾಗಿಲಲ್ಲಿ ನಿಂತಿದ್ದ ಸಾಯಬಮ್ಮ ಒಳಗೆ ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಬದಿ ನುಣ್ಣಗೆ ಸವೆದಿದ್ದ ಜಾಜಿಕಾಯಿಯನ್ನು ಮೇಜಿನ ಮೇಲೆ ಇಟ್ಟಳು.

ಆ ಕಡೆಯ ಮನೆಗಳಲ್ಲಿ ಹಸುಗೂಸಿಗೆ ಸುತ್ತು ಕೊಡುವುದು ಹೊಸದೇನಲ್ಲ. ಸಾಣೆಕಲ್ಲಿನ ಮೇಲೆ ತಾಯಿಹಾಲು ಹಾಕಿ ಬಜೆ, ಜಾಜಿಕಾಯಿ ಇಟ್ಟು ಒಂದು ಸುತ್ತು ತೇಯ್ದು ನಾಲಿಗೆಗೆ ಸವರುತ್ತಾರೆ. ಕೂಸು ಸುಖವಾಗಿ ಮಲಗುತ್ತದೆ ಎಂದು ನಂಬಿಕೆ. ಸಾಯಬಮ್ಮ ಮರಿಲಿಂಗಪ್ಪನಿಗೂ ಹಾಗೆಯೇ ಕೊಟ್ಟಿದ್ದಳು. ಕೂಸಿಗೆ ಮಾತು ಬರತೊಡಗಿದರೆ ಸುತ್ತು ನಿಲ್ಲಿಸುವುದು ಅವಳ ಅತ್ತೆ ಅವಳಿಗೆ ಹೇಳಿಕೊಟ್ಟ ಲೆಕ್ಕ. ರೇವತಿಗೆ ಮಾತೇ ಬಂದಿರಲಿಲ್ಲ.

ಹೆಚ್ಚಾದರೆ ಜಾಜಿಕಾಯಿ ವಿಷ ಎಂದು ಡಾಕ್ಟರು ಬೈದು ಸಲೈನ್ ಹಚ್ಚಿಸಿದರು. ಹೊರಗೆ ಬೆಂಚಿನ ಮೇಲೆ ಸಾಯಬಮ್ಮ ಸೊಸೆಯ ಮುಖ ನೋಡದೆ ಹೇಳಿದಳು.

"ಮಾತು ಬರೋತನಾ ಕೂಸ ಅಲ್ಲೇನ ಯವ್ವಾ? ಸಣ್ಣ ಕೂಸಿಗೆ ಒಂದು ಸುತ್ತು. ಇಕಿ ದೊಡ್ಡ ಕೂಸು ಅಂತ ಹೆಚ್ಚ ತೇಯ್ದೆ. ಮೈಗೆ ರೂಢಿ ಆದಂಗ ಇನ್ನಷ್ಟು ಹೆಚ್ಚ ಮಾಡಿದೆ. ನನಗ ಇರಾಂವ ಒಬ್ಬಾಂವ ಮಗ."

"ಯಾವಾಗಿಂದ, ಅತ್ತಿ?"

"ಸಂಕ್ರಾಂತಿ ಮರುದಿನದಿಂದ. ಹಾಲಿನಾಗ."

ಚಂದ್ರಕಲಾ ಲೆಕ್ಕ ಹಾಕಿದಳು. ಸಂಕ್ರಾಂತಿಯ ಮರುದಿನ. ತನ್ನ ಪರದೆ, ತನ್ನ ಚಿತ್ರ, ತನ್ನ ಮೌನ ಎಂದು ಎಲ್ಲರ ಮುಂದೆ ಹೇಳಿಕೊಂಡ ನಿದ್ದೆ ಅಷ್ಟೂ ಈ ಮುದುಕಿಯ ಸೆರಗಿನಲ್ಲಿತ್ತು. ಅಥವಾ ಕೆಲವು ರಾತ್ರಿಯಾದರೂ ತನ್ನದಿತ್ತೋ ಏನೋ. ಅದನ್ನು ಇನ್ನು ಯಾರು ಹೇಳಬೇಕು? ಅತ್ತೆಯ ಮೇಲೆ ಕೈ ಎತ್ತುವಷ್ಟು ಸಿಟ್ಟು ಬಂತು. ಅದರ ಜೊತೆಗೇ, ಹೇಳಲು ನಾಚಿಕೆಯಾಗುವ ಇನ್ನೊಂದೂ ಬಂತು. ಈ ಮುದುಕಿ ಸುಮ್ಮನೆ ಇದ್ದುಬಿಟ್ಟಿದ್ದರೆ, ತನಗೆ ಗೊತ್ತೇ ಆಗದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನಿಸಿತು.

ಸಂಜೆಯ ಹೊತ್ತಿಗೆ ರೇವತಿ ಕಣ್ಣು ಬಿಟ್ಟಳು. ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಮನೆಗೆ ಬಂದ ರಾತ್ರಿಯಿಂದಲೇ ಎಲ್ಲವೂ ಮತ್ತೆ ಸುರುವಾಯಿತು, ಮೊದಲಿಗಿಂತ ಜೋರಾಗಿ. ಚಂದ್ರಕಲಾ ಪರದೆ ಕಟ್ಟಿದಳು, ಚಿತ್ರ ತೋರಿಸಿದಳು. ಕೈ ತನ್ನಷ್ಟಕ್ಕೆ ಮಾಡುತ್ತಿತ್ತು, ನಂಬಿಕೆ ಹೋಗಿತ್ತು. ಮರಿಲಿಂಗಪ್ಪ ತಾಯಿಗೆ ಒಂದು ಮಾತೂ ಅನ್ನಲಿಲ್ಲ. ಹಾಸಿಗೆ ಸುತ್ತಿಕೊಂಡು ಹೋಗಿ ಶಾಲೆಯ ಬಸ್ಸಿನಲ್ಲಿ ಮಲಗಿದ. ಶಾಲೆಯವರು ಅದಕ್ಕೂ ಬೇಡವೆಂದ ಮೇಲೆ ರಾಮಸಮುದ್ರಕ್ಕೆ ಫೋನ್ ಮಾಡಿದ. ಯುಗಾದಿಗೆ ಇನ್ನೂ ದಿನಗಳಿದ್ದವು, ಅವನಿಗೆ ಮಾತ್ರ ಕಾಯುವ ಶಕ್ತಿ ಉಳಿದಿರಲಿಲ್ಲ. ಅಣ್ಣ ಬೇಡವೆನ್ನಲಿಲ್ಲ. ಬರ್ರಿ ಎಂದನಂತೆ, ಅಷ್ಟೇ.

ಹೊರಡುವ ಮುಂಚಿನ ಕೊನೆಯ ಸಭೆಗೆ ಚಂದ್ರಕಲಾ ಯಾದಗಿರಿಗೆ ಹೋದಳು. ಸಾಯಬಮ್ಮನೂ ಬಂದಳು. ಆಸ್ಪತ್ರೆಯ ಸುದ್ದಿ ತಿಳಿದಿದ್ದ ಸರಿತಾ ಮೇಡಂ ಅಜ್ಜಿಯನ್ನೂ ಕರೆತರಲು ಹೇಳಿದ್ದಳು. ಮುದುಕಿ ಒಳಗೆ ಬರಲು ಒಪ್ಪದೆ ರೇವತಿಯನ್ನು ಕೂಡಿಸಿಕೊಂಡು ಹೊರಗಿನ ವರಾಂಡದಲ್ಲೇ ಕೂತಳು.

ಈ ಸಲ ಎದ್ದು ನಿಲ್ಲಲು ಚಂದ್ರಕಲಾಳನ್ನು ಯಾರೂ ಕರೆಯಲಿಲ್ಲ, ಅವಳೇ ಎದ್ದಳು. ಕಳೆದ ಸಲ ಹೇಳಿದ್ದು ಸುಳ್ಳಾಯಿತು ಎಂದಳು. ಜಾಜಿಕಾಯಿಯ ಸಂಗತಿ ಹೇಳಿದಳು, ಆಸ್ಪತ್ರೆ ಹೇಳಿದಳು, ಕುತ್ತಿಗೆ ನಿಲ್ಲದ ಮಗಳನ್ನು ಎತ್ತಿಕೊಂಡು ಓಡಿದ್ದು ಹೇಳಿದಳು. ಆಮೇಲೆ ಯಂಕಮ್ಮನ ಕಡೆ ತಿರುಗಿದಳು. ಯಂಕಮ್ಮನ ಬಲಗೈಗೆ ಈಗ ಪಟ್ಟಿ ಕಟ್ಟಿತ್ತು.

"ಅಕ್ಕಾ, ನಿಮ್ಮ ತಪ್ಪಿರಲಿಲ್ರಿ. ನಾ ದೊಡ್ಡ ಮಾತಾಡಿದೆ."

ಸರಿತಾ ಮೇಡಂ ಎದ್ದು, ಯಾರೂ ಇಂಥದ್ದನ್ನು ಮಾಡಬಾರದು, ಮಗುವಿನ ಜೀವವೇ ಹೋಗಬಹುದು, ಚಂದ್ರಕಲಾ ಮಾಡಿದ ಪದ್ಧತಿ ಸುಳ್ಳಲ್ಲ, ಅದಕ್ಕೆ ಸಮಯ ಬೇಕು, ಜೊತೆಗೆ ಸರಿಯಾದ ಔಷಧವನ್ನು ಡಾಕ್ಟರೇ ಬರೆದುಕೊಡುತ್ತಾರೆ ಎಂದಳು. ಡಾಕ್ಟರು ಎಂದು ಬರುತ್ತಾರೆ ಎಂದು ಹಿಂದಿನಿಂದ ಯಾರೋ ಕೇಳಿದರು. ಈ ತಿಂಗಳು ಬಂದಿಲ್ಲ, ಮುಂದಿನ ತಿಂಗಳು ಬರಬಹುದು ಎಂದು ಹೇಳುವಾಗ ಸರಿತಾಳ ದನಿ ಸಣ್ಣದಾಯಿತು. ತನ್ನನ್ನು ಬೈಯುತ್ತಾರೆ ಎಂದು ಚಂದ್ರಕಲಾ ಕಾದಳು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವರು ಅವಳನ್ನು ನೋಡುತ್ತಲೂ ಇರಲಿಲ್ಲ.

ಸಭೆ ಮುಗಿದ ಮೇಲೆ ಸರಿತಾ ಅವಳನ್ನು ಒಳಗೆ ನಿಲ್ಲಿಸಿಕೊಂಡು, ರಾಮಸಮುದ್ರದಿಂದ ಯಾದಗಿರಿ ಹತ್ತಿರವೇ ಆಗುತ್ತದೆ, ಬರುವುದು ಬಿಡಬೇಡಿರಿ ಎಂದಳು. ಚಂದ್ರಕಲಾ ತಲೆ ಆಡಿಸಿದಳು. ಅಣ್ಣನ ಮನೆಯಲ್ಲಿ ಎಲ್ಲಿ ಪರದೆ ಕಟ್ಟಲಿ ಎಂದು ಕೇಳಬೇಕೆಂದವಳು ಕೇಳಲಿಲ್ಲ.

ಹೊರಗೆ ಬಂದರೆ ವರಾಂಡದಲ್ಲಿ ಗುಂಪು. ಹೊರಟುಹೋಗಿರಬೇಕಿದ್ದ ತಾಯಂದಿರೆಲ್ಲ ಅಲ್ಲಿಯೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಅಮೀನುದ್ದೀನ ಒಬ್ಬನೇ ಕಂಬ ಹಿಡಿದು ನಿಂತು ಬಗ್ಗಿದ್ದ. ನಡುವೆ ಸಾಯಬಮ್ಮ, ಅವಳ ತೊಡೆಗೆ ಒರಗಿ ಗೋಡೆಯನ್ನು ನೋಡುತ್ತಿದ್ದ ರೇವತಿ. ಮುದುಕಿ ಬೇಡ್ರೆವ್ವಾ, ಡಾಕ್ಟರ್ ಬೈದಾರ ಎನ್ನುತ್ತಿದ್ದಳು. ಯಂಕಮ್ಮ ಪಟ್ಟಿ ಕಟ್ಟಿದ ಕೈಯಿಂದಲೇ ಅವಳ ಮೊಣಕಾಲು ಹಿಡಿದುಕೊಂಡಿದ್ದಳು.

"ನೀವು ಒಂದು ತಿಂಗಳು ಮಲಗೀರಿ, ಅಮ್ಮಾ. ನಾನು ಒಂದು ರಾತ್ರಿ ಕೇಳಾಕತ್ತೀನಿ. ಎಷ್ಟು ಸುತ್ತು, ಅಷ್ಟು ಹೇಳ್ರಿ."

ಸಾಯಬಮ್ಮ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ನಾನು ಹೆಚ್ಚು ಮಾಡಿ ಕೆಟ್ಟೆ, ನೀವು ಹಾಗೆ ಮಾಡಬೇಡಿರಿ ಎಂದು, ಎಡ ಅಂಗೈಯನ್ನೇ ಕಲ್ಲು ಮಾಡಿಕೊಂಡು, ಅದರ ಮೇಲೆ ಬಲಗೈಯ ಬೆರಳನ್ನು ಮೆಲ್ಲಗೆ ತಿರುಗಿಸತೊಡಗಿದಳು. ಎಲ್ಲರ ಕಣ್ಣೂ ಆ ಬೆರಳಿನ ಮೇಲಿತ್ತು.

ಹೋಗಿ ಆ ಕೈ ಹಿಡಿದು ನಿಲ್ಲಿಸಬೇಕೆಂದು ಚಂದ್ರಕಲಾ ಬಿರಬಿರನೆ ನಡೆದಳು. ಗುಂಪನ್ನು ಸರಿಸಿಕೊಂಡು ಒಳಗೆ ಬಂದು ಅತ್ತೆಯ ಎದುರಿಗೇ ಕೂತಳು. ಬೇಡ ಎನ್ನಲು ಬಾಯಿ ತೆರೆದಳು. ಬೆರಳು ಇನ್ನೂ ತಿರುಗುತ್ತಿತ್ತು, ಅದು ಎಲ್ಲಿ ನಿಲ್ಲುತ್ತದೆ ಎಂದು ಅವಳೂ ಎಣಿಸುತ್ತಿದ್ದಳು.